ಮೈಕು ನುಂಗದ ಮಾತು

ಮಾಡುವ ಮನಸ್ಸಿಲ್ಲದ ಮಾತನ್ನು ಮೈಕುಗಳು ನುಂಗತೊಡಗಿದಾಗಿನಿಂದ ಗ್ರಾಮಸಭೆಗಳು ತಣ್ಣಗೆ ನಡೆಯುತ್ತಿದ್ದವು. ಮುಂದಾಳುಗಳ ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಜನ ರೂಢಿಯಂತೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದರು.

ಅಂದೂ ಅಧ್ಯಕ್ಷೆ ದ್ಯಾಮವ್ವನ ಖುರ್ಚಿಯಲ್ಲಿ ಅವಳ ಗಂಡ ಫಕೀರಪ್ಪನೇ ಕೂತು ಮೈಕು ಹಿಡಿದ. ಕೆಳಗೇರಿಯ ನೀರಿನ ಬಗ್ಗೆ "ನೋಡೋಣ, ಮಾಡೋಣ" ಅಂದದ್ದು ತುಟಿಯಿಂದಲೇ ತಿಳಿಯಿತು. ಚಪ್ಪಾಳೆ ಬಿತ್ತು.

ಗೋಡೆಗೊರಗಿ ನಿಂತಿದ್ದ ದ್ಯಾಮವ್ವ ಬಂದು ಮೈಕು ಕಸಿದುಕೊಂಡಳು.

"ಸೋಮವಾರ ಕೆಳಗೇರಿಗೆ ಪೈಪು ಹಾಕಸ್ತೀನಿ. ನಾನ ಮುಂದ ನಿಂತು ಮಾಡಸ್ತೀನಿ."

ದನಿ ಬಸ್‌ಸ್ಟ್ಯಾಂಡಿನವರೆಗೂ ಕೇಳಿತು. ಜನ ಚಪ್ಪಾಳೆ ತಟ್ಟುವುದನ್ನೇ ಮರೆತರು.

ಅವಳು ಮೈಕು ಹಿಡಿದೇ ಗಂಡನತ್ತ ತಿರುಗಿದಳು. "ರೀ, ಇನ್ನಮುಂದ ಈ ಖುರ್ಚಿಮ್ಯಾಲ ನಾನ ಕೂಡ್ತೀನಿ. ಏಳ್ರಿ."

ಅದನ್ನೂ ಇಡೀ ಊರು ಕೇಳಿತು.