ಬೆನ್ನ ಹಿಂದಿನ ಸದ್ದು

ಮಂಜು ಕವಿದಾಗ ದೋಣಿ ಡಾರ್ಚೆಸ್ಟರ್ ದಡದಿಂದ ಅರ್ಧ ಮೈಲಿ ಆಚೆಗಿತ್ತು. ಕ್ಲಬ್ಬಿನ ಶೆಡ್ಡು, ಇಗರ್ಜಿಯ ಗೋಪುರ, ಬಾಸ್ಟನ್ನಿನ ಎತ್ತರದ ಕಟ್ಟಡಗಳು ಒಂದೊಂದಾಗಿ ಅಳಿಸಿಹೋದವು. ಐರಿಷ್ ಕ್ಲಬ್ಬುಗಳ ದೋಣಿ ಪಂದ್ಯಕ್ಕೆ ಹತ್ತೇ ದಿನ ಉಳಿದಿತ್ತು. ಭಾನುವಾರದ ಪೂಜೆ ಮುಗಿಸಿ ಮೂವರು ಅಭ್ಯಾಸಕ್ಕೆ ಇಳಿದಿದ್ದರು: ಶಾಲೆಯ ಬಸ್ಸು ಓಡಿಸುವ ನೂಲಾ ಗೀರಿ, ಅವಳ ಹತ್ತೊಂಬತ್ತು ವರ್ಷದ ಮಗಳು ಓರ್ಲಾ, ಮತ್ತು ದೋಣಿಯ ಮೂತಿಯಲ್ಲಿ ಅವರ ಗುರು ಕೋಲಮ್ ಫೋಲನ್. ಒದ್ದೆಯಾದಾವೆಂದು ಫೋನುಗಳನ್ನು ಶೆಡ್ಡಿನಲ್ಲೇ ಬಿಟ್ಟಿದ್ದರು.

ಕೋಲಮ್‌ಗೆ ಎಪ್ಪತ್ತೆರಡು. ಐರ್ಲೆಂಡಿನ ಪಶ್ಚಿಮದ ಒಂದು ದ್ವೀಪದಿಂದ ಇಪ್ಪತ್ತರ ವಯಸ್ಸಿನಲ್ಲಿ ಬಂದು, ಇಲ್ಲಿ ಚಾವಣಿ ಹೊದಿಸುವ ಕೆಲಸ ಮಾಡುತ್ತಲೇ ಮುದುಕರಾದವರು. ಮರದ ತೆಳು ಪಟ್ಟಿಗಳ ಮೇಲೆ ಕ್ಯಾನ್ವಾಸು ಬಿಗಿದು ಡಾಂಬರು ಬಳಿದ ಈ ದೋಣಿ ಅವರೇ ಕಟ್ಟಿದ್ದು. ಮೂವತ್ತೊಂದು ವರ್ಷದಿಂದ ಇಲ್ಲಿನ ಮಕ್ಕಳಿಗೆ ಹುಟ್ಟು ಹಾಕುವುದನ್ನು ಕಲಿಸುತ್ತಿದ್ದರು. ಎಳೆಯಿರಿ, ನಿಲ್ಲಿಸಿ, ಹಿಂದಕ್ಕೆ ಎಂಬ ಅಪ್ಪಣೆಗಳೆಲ್ಲ ಅವರ ಊರಿನ ಐರಿಷ್ ಭಾಷೆಯಲ್ಲೇ. ಕ್ಲಬ್ಬಿನವರಿಗೆ ಆ ಭಾಷೆಯಲ್ಲಿ ಬರುತ್ತಿದ್ದುದೂ ಅಷ್ಟೇ.

ಹಡಗಿನ ಹಾರ್ನ್ ಕೇಳಿಸಿತು. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಸದ್ದು ಮೂವರ ಬೆನ್ನ ಹಿಂದಿನಿಂದ ಬಂತು. ಎರಡನೆಯ ಸಲ ಇನ್ನೂ ಹತ್ತಿರದಿಂದ ಬಂತು. ಯಾವ ಕಡೆಗೆ ತಿರುಗಿಸೋಣ ಎಂದು ನೂಲಾ ಕೇಳಿದಳು. ಹೊರಳಿ ನೋಡಿದರೆ ಕೋಲಮ್ ಹುಟ್ಟು ಬಿಟ್ಟು ದೋಣಿಯ ಎರಡು ಅಂಚುಗಳನ್ನೂ ಬಿಗಿಯಾಗಿ ಹಿಡಿದು ಕೂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ನಂಗೆ ಈಜು ಬರಲ್ಲ, ನೂಲಾ" ಎಂದರು.

ಅವಳು ಮೊದಲು ತಮಾಷೆ ಅಂದುಕೊಂಡಳು. ಕೋಲಮ್ ತಮ್ಮ ಲೈಫ್ ಜಾಕೆಟ್ ತೋಳಿಗೆ ಅಡ್ಡ ಬರುತ್ತದೆಂದು ಅಂದೂ ದಡದಲ್ಲೇ ಬಿಟ್ಟು ಬಂದಿದ್ದರಲ್ಲ. ಆದರೆ ಅವರ ಹಲ್ಲು ಕಟಕಟ ಅನ್ನುತ್ತಿತ್ತು. ತಮ್ಮ ದ್ವೀಪದಲ್ಲಿ ಯಾರೂ ಈಜು ಕಲಿಯುತ್ತಿರಲಿಲ್ಲ, ಕಲಿತರೆ ಸಾಯುವುದು ನಿಧಾನವಾಗುತ್ತದೆ ಅಷ್ಟೇ ಎನ್ನುತ್ತಿದ್ದರು ಎಂದು ಅವರು ತೊದಲಿದರು. ನೂಲಾ ತನ್ನ ಜಾಕೆಟ್ಟಿನ ಕೊಕ್ಕೆಗೆ ಕೈ ಹಾಕಿದಳು.

"ಬಿಚ್ಚಬೇಡಮ್ಮ" ಎಂದಳು ಓರ್ಲಾ.

"ನಂಗೆ ಈಜೋಕೆ ಬರುತ್ತೆ ಕಣೆ."

"ಈ ತಣ್ಣೀರಲ್ಲಿ ಎಷ್ಟೊತ್ತು ಈಜ್ತೀಯ?"

ಮೇ ತಿಂಗಳ ನೀರು ಹತ್ತು ನಿಮಿಷದಲ್ಲಿ ಕೈಕಾಲು ಕಟ್ಟಿಹಾಕುತ್ತದೆಂದು ನೂಲಾಗೂ ಗೊತ್ತಿತ್ತು. ಆದರೂ ಜಾಕೆಟ್ ಬಿಚ್ಚಿ, ಮಗುವಿಗೆ ಅಂಗಿ ತೊಡಿಸಿದಂತೆ ಕೋಲಮ್‌ಗೆ ತೊಡಿಸಿದಳು. ಮಗಳ ಕಡೆ ಅವಳು ನೋಡಲಿಲ್ಲ.

ಅಷ್ಟರಲ್ಲಿ ಮಂಜಿನೊಳಗಿಂದ ಒಂದು ಕಪ್ಪು ಆಕಾರ ಹೊರಬಂತು. ಗಿಡ್ಡನೆಯ, ದಪ್ಪ ಹಡಗು. ದೋಣಿಯ ಮೂತಿಯ ಮುಂದೆಯೇ ಅಡ್ಡಲಾಗಿ ಹಾದು ಮತ್ತೆ ಮಂಜಿನಲ್ಲಿ ಮುಳುಗಿತು. ಅದರ ಅಲೆಗೆ ದೋಣಿ ಕುಣಿದು, ಒಳಗೆ ಒಂದು ಬಕೆಟ್ಟಿನಷ್ಟು ನೀರು ಬಿತ್ತು. ಅಷ್ಟೇ. ಓರ್ಲಾ ಅಳು ನಗು ಎರಡೂ ಬೆರೆತ ದನಿಯಲ್ಲಿ, ಹೋಯ್ತಲ್ಲ, ಬೇಗ ದಾಟಿಬಿಡೋಣ ಎಂದಳು. ಅಮ್ಮ ಮಗಳು ಇಬ್ಬರೂ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹುಟ್ಟು ಎಳೆದರು.

"ಸ್ಟಾದ್!"

ನಿಲ್ಲಿಸಿ ಎನ್ನುವುದಕ್ಕೆ ಕೋಲಮ್ ಹೇಳುತ್ತಿದ್ದ ಪದ. ಯಾಕೆಂದು ಯೋಚಿಸುವ ಮೊದಲೇ ಇಬ್ಬರ ಕೈಗಳೂ ಹುಟ್ಟನ್ನು ನೀರಿಗೆ ಒತ್ತಿ ಹಿಡಿದವು. ದೋಣಿ ನಡುಗಿ ನಿಂತಿತು.

"ಆ ಇಂಜಿನ್ ಏದುಸಿರು ಬಿಡ್ತಿದೆ, ಕೇಳಿ" ಎಂದರು ಕೋಲಮ್ ಪಿಸುದನಿಯಲ್ಲಿ. "ಹಿಂದೆ ಏನನ್ನೋ ಎಳೀತಾ ಇದೆ."

ಹತ್ತಡಿ ಮುಂದೆ ನೀರು ಸೀಳಿತು. ಮಣಿಕಟ್ಟಿನಷ್ಟು ದಪ್ಪದ ಉಕ್ಕಿನ ಹಗ್ಗವೊಂದು ನೀರು ಸುರಿಸುತ್ತಾ ಮೇಲೆದ್ದು, ಬಿಗಿದು, ಕಿರ್ರೆಂದು ಮತ್ತೆ ಮುಳುಗಿತು. ಅದರ ಹಿಂದೆಯೇ ದೀಪವಿಲ್ಲದ, ಸದ್ದಿಲ್ಲದ ತುಕ್ಕು ಹಿಡಿದ ಗೋಡೆಯೊಂದು ಬಂತು. ಆ ಹಡಗು ಎಳೆದೊಯ್ಯುತ್ತಿದ್ದ, ಜಲ್ಲಿ ಹೇರಿದ ದೊಡ್ಡ ದೋಣಿ ಅದು. ಅದು ಹಾದುಹೋಗುವವರೆಗೆ ಅಮ್ಮ ಮಗಳು ಹುಟ್ಟನ್ನು ಒತ್ತಿಯೇ ಹಿಡಿದಿದ್ದರು. ಆಮೇಲೆ ಓರ್ಲಾ ಬಗ್ಗಿ ವಾಂತಿ ಮಾಡಿಕೊಂಡಳು.

ಮುಕ್ಕಾಲು ಗಂಟೆಯ ನಂತರ ಮಂಜು ತೆಳುವಾಗಿ ದಡ ಸಿಕ್ಕಿತು. ಕ್ಲಬ್ಬಿನವರು ಕಂಬಳಿ, ಬಿಸಿ ಚಹಾ ಹಿಡಿದು ಓಡಿ ಬಂದರು. ಕೋಲಮ್‌ರನ್ನು ಬಂಡೆಯ ಮೇಲೆ ಕೂರಿಸಿದರು. ನೂಲಾಗೆ ಈಗ ಸಿಟ್ಟು ಬಂತು.

"ಇಷ್ಟು ಭಯ ಇಟ್ಕೊಂಡು ಮೂವತ್ತೊಂದು ವರ್ಷ ಯಾಕೆ ಇಳಿದ್ರಿ ನೀರಿಗೆ?"

"ಪ್ರತಿ ಭಾನುವಾರ ರಾತ್ರಿ ಇನ್ನು ಸಾಕು ಅಂದ್ಕೋತಿದ್ದೆ ಮಗಳೇ" ಎಂದರು ಅವರು. "ನನ್ನ ಹೆಂಡತಿ ಹೋದ್ಮೇಲೆ ಈ ಊರಲ್ಲಿ ನನ್ನ ಭಾಷೇಲಿ ಒಂದು ಮಾತಾಡಿದ್ರೆ ತಿರುಗಿ ನೋಡೋರು ಯಾರೂ ಇಲ್ಲ. ದೋಣೀಲಿ ಮಾತ್ರ, ನಾನು ಎಳೀರಿ ಅಂದ್ರೆ..."

ಅಲ್ಲಿಂದ ಮುಂದೆ ಅವರಿಗೆ ಅರಿವಿಲ್ಲದೆಯೇ ಇಂಗ್ಲಿಷು ಕಳಚಿಬಿತ್ತು. ಐರಿಷ್‌ನಲ್ಲಿ ಹೇಳತೊಡಗಿದರು. ಕಡಲ ಕಡೆ ಕೈ ತೋರಿಸಿದರು, ಯಾರದೋ ಹೆಸರು ಹಿಡಿದು ಕರೆದರು, ಒಮ್ಮೆ ನಕ್ಕರು, ಮುಖ ಮುಚ್ಚಿಕೊಂಡು ಅತ್ತರು, ಮತ್ತೆ ಮುಂದುವರಿಸಿದರು. ಸುತ್ತ ಇಪ್ಪತ್ತು ಜನ ಕಂಬಳಿ ಹಿಡಿದು ನಿಂತಿದ್ದರು. ಓಸುಲಿವನ್, ಟಿಯರ್ನಿ, ಮಲ್‌ಕೆರಿನ್ ಎಂದು ಐರಿಷ್ ಮನೆತನದ ಹೆಸರಿದ್ದವರು. ಒಬ್ಬರಿಗೂ ಒಂದಕ್ಷರ ತಿಳಿಯಲಿಲ್ಲ. ಹಾಗೆಂದು ಕೋಲಮ್‌ಗೆ ಹೇಳುವ ಧೈರ್ಯವೂ ಯಾರಿಗೂ ಬರಲಿಲ್ಲ.