ಟೈಲರ್ ಮನೆಯ ಹುಲ್ಲು

"ಮುಚ್ಚಿಬಿಡಪ್ಪ. ಒಂದು ವಾರ. ನಿಯಮ ಅಂದ್ರೆ ನಿಯಮ," ಎಂದರು ಟೀಚರಮ್ಮ. ನೀರು ಬಿಡುವವನು ಹೆಗಲ ಮೇಲಿನ ಸ್ಪ್ಯಾನರ್ ಇಳಿಸಿ ಟೈಲರ್ ಮನೆಯ ನಲ್ಲಿಯತ್ತ ನೋಡಿದ.

ಮಳೆ ಮುಖ ತೋರಿಸಿ ಐದು ತಿಂಗಳಾಗಿತ್ತು. ನಲ್ಲಿ ಮೂರು ದಿನಕ್ಕೊಮ್ಮೆ ಕೆಮ್ಮುತ್ತಿತ್ತು. ಹುಲ್ಲಿಗೆ ನೀರು ಹಾಯಿಸಿದವರ ನಲ್ಲಿ ಬಂದ್ ಎಂಬುದು ಬೀದಿಯ ನೀರಿನ ಸಮಿತಿಯ ತೀರ್ಮಾನ. ಸಮಿತಿ ಎಂದರೆ ನಿವೃತ್ತ ಟೀಚರಮ್ಮನೇ. ಎಲ್ಲರ ಅಂಗಳವೂ ಸುಟ್ಟ ಕಾಗದದಂತಿದ್ದಾಗ ಅವರ ಪಕ್ಕದ ಟೈಲರ್ ಮನೆಯಲ್ಲಿ ಮಾತ್ರ, ಎರಡೂ ಮನೆಗಳ ನಡುಗೋಡೆಯ ಉದ್ದಕ್ಕೂ, ಗಿಣಿಹಸಿರು ಹುಲ್ಲು.

ಟೀಚರಮ್ಮ ಅಂಗಡಿ ಮುಚ್ಚಿಸಿ ಕರೆತಂದಿದ್ದ ಟೈಲರ್ ಕೈಮುಗಿದ. "ಒಂದು ಹನೀನೂ ಹಾಕಿಲ್ಲ ಟೀಚರ್. ಬೆಳಿಗ್ಗೆ ಹೋದ್ರೆ ಕತ್ತಲಾದ ಮೇಲೇ ನಾನು ಬರೋದು. ಮಗಳು ಎಳೇ ಕೂಸು ಎತ್ಕೊಂಡು ಬಂದಿದ್ದಾಳೆ, ನೀರಿಲ್ದೆ ಹ್ಯಾಗೆ?"

"ಹುಲ್ಲಿಗೆ ಕುಡಿಸುವಾಗ ಕೂಸು ನೆನಪಾಗಲಿಲ್ವಾ?"

ಟೀಚರಮ್ಮನ ಮನೆಯಲ್ಲಿ ಅಂಥ ದುಂದು ನಡೆಯದು. ತರಕಾರಿ ತೊಳೆದದ್ದು, ಬಟ್ಟೆ ಜಾಲಿಸಿದ್ದು ಎಲ್ಲ ಸೇರಿ ದಿನಕ್ಕೆ ಎರಡು ಬಕೆಟ್. ಅದನ್ನು ಹಿತ್ತಿಲಿನಿಂದ ಹೊತ್ತು ಮುಂಬಾಗಿಲ ದಾಸವಾಳಕ್ಕೆ ಹಾಕುವುದು, ಈಗ ಕಿವಿ ಮಂದವಾಗಿರುವ, ಪೋಸ್ಟ್‌ಮ್ಯಾನ್ ಆಗಿದ್ದ ಯಜಮಾನರ ಕೆಲಸ. ಆದರೂ ದಾಸವಾಳ ಒಣಗಿ ಕಡ್ಡಿಯಾಗಿತ್ತು. "ಏನು ಬಿಸಿಲು ಕಣೇ, ಹಾಕಿದ್ದೆಲ್ಲ ನೆಲ ಕುಡಿದುಬಿಡುತ್ತೆ," ಎಂದು ಅವರು ಮಂಡಿ ನೀವಿಕೊಳ್ಳುತ್ತಿದ್ದರು. ಟೀಚರಮ್ಮನಿಗೆ ಅಯ್ಯೋ ಅನಿಸುತ್ತಿತ್ತು.

ಈಗ ಟೀಚರಮ್ಮ ಸಾಕ್ಷಿ ಹುಡುಕುತ್ತ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತರು. ಹುಲ್ಲಿನ ನಡುವೆ ನಾಲ್ಕೆಲೆಯ ಟೊಮೇಟೊ ಸಸಿ!

"ಓಹೋ, ತರಕಾರಿ ತೋಟ ಬೇರೆ!"

"ನಾನು ಬಿತ್ತಿದ್ದಲ್ಲ ಟೀಚರ್. ತಾನಾಗೇ ಹುಟ್ಟಿದ್ದು."

"ಹೌದೌದು. ಸಸಿ ತಾನಾಗೇ ಹುಟ್ಟುತ್ತೆ, ನೀರೂ ತಾನಾಗೇ ಬರುತ್ತೆ."

ಬಂತು. ಹುಲ್ಲಿನ ಮರೆಯಲ್ಲಿದ್ದ ಗೋಡೆಯ ತೂತಿನಿಂದ, ಸೋಪಿನ ನೊರೆ, ಟೊಮೇಟೊ ಸಿಪ್ಪೆ ಸಮೇತ ಬಂದು ಟೀಚರಮ್ಮನ ಪಾದ ತೊಳೆಯಿತು. ಗೋಡೆಯಾಚೆ ಖಾಲಿ ಬಕೆಟ್ ಕುಕ್ಕಿದ ಸದ್ದು. ಹಿಂದೆಯೇ, ಕಿವಿ ಮಂದವಾದವರು ತಮ್ಮಷ್ಟಕ್ಕೆ ಆಡಿಕೊಳ್ಳುವ ದೊಡ್ಡ ದನಿ: "ಅವಳು ಬರೋದ್ರೊಳಗೆ ಇನ್ನೊಂದನ್ನೂ ಇಲ್ಲೇ ಸುರಿದುಬಿಟ್ರೆ, ಇವತ್ತಿಗೆ ಮಂಡಿ ಉಳೀತು."

ನೀರು ಬಿಡುವವನು ಸ್ಪ್ಯಾನರನ್ನು ಮತ್ತೆ ಹೆಗಲಿಗೇರಿಸಿದ. "ಯಾರ ಮನೆ ನಲ್ಲಿ ಅಂದ್ರಿ ಟೀಚರ್?"