ಲಿಪಿಕಾರನ ಜಿಗಿತ

ನಾಲ್ಕನೆಯ ಸಾಲಿನಲ್ಲಿ ಅಕ್ಷರ ಜಿಗಿದಿತ್ತು. ಮೇಲಿನ ಸಾಲುಗಳೆಲ್ಲ ಎಷ್ಟು ಸಂಭಾವಿತವಾಗಿ ಕೂತಿದ್ದವೋ, ಇದೊಂದು ಅಷ್ಟೇ ತುಂಟತನದಿಂದ ಮೇಲಕ್ಕೆ ಎಗರಿತ್ತು. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು. ಆಮೇಲೆ ಮತ್ತೊಂದು.

ಅವಳು ಪರದೆಯ ಮೇಲಿನ ಚಿತ್ರವನ್ನು ಹಿಗ್ಗಿಸಿದಳು. ಸಾವಿರ ವರ್ಷಕ್ಕೂ ಹಿಂದೆ ಪರದೇಶದ ಯಾರೋ ಲಿಪಿಕಾರ ಚರ್ಮದ ಹಾಳೆಯ ಮೇಲೆ ಬರೆದ ಪುಟ ಅದು. ಆ ಕೈಬರಹವನ್ನು ನೋಡಿ ಕಂಪ್ಯೂಟರಿಗೊಂದು ಫಾಂಟು ಮಾಡುವುದು ಅವಳ ಮೊದಲ ನೌಕರಿಯ ಮೊದಲ ಕೆಲಸ. ಅಕ್ಷರಗಳ ದುಂಡು, ದಪ್ಪ, ಬಾಲದ ಬಳುಕು ಎಲ್ಲವೂ ಒಲಿದಿದ್ದವು. ಈ ಜಿಗಿತ ಮಾತ್ರ ಕೈಗೆ ಸಿಗದೆ ಸತಾಯಿಸುತ್ತಿತ್ತು.

“ಅದೇ ಕಣಮ್ಮ ಈ ಪುಟದ ಜೀವಾಳ!” ಸ್ಟುಡಿಯೋದ ಯಜಮಾನರು ಹಿಂದಿನಿಂದ ಗುಡುಗಿ ಮೇಜು ಗುದ್ದಿದರು. ಖುಷಿಯಾದರೂ ಸರಿ, ಕೋಪ ಬಂದರೂ ಸರಿ, ಮೇಜಿಗೆ ಉಳಿಗಾಲವಿರಲಿಲ್ಲ. “ಪುಣ್ಯಾತ್ಮ ಧ್ಯಾನದಲ್ಲಿ ಕೂತು ಬರೆದಿದ್ದಾನೆ. ಮನಸ್ಸು ಮೇಲಕ್ಕೇರಿದಾಗಲೆಲ್ಲ ಕೈಯೂ ಮೇಲಕ್ಕೆದ್ದಿದೆ. ಕೆಳಗೆ ಆ ದೊಡ್ಡ ಮಸಿ ಚುಕ್ಕೆ ನೋಡು. ಅಲ್ಲಿಂದಾಚೆ ಒಂದಕ್ಷರವೂ ಅಲುಗಿಲ್ಲ. ಯಾಕೆ ಹೇಳು?”

ಅವಳು ತಲೆಯಾಡಿಸಿದಳು. ಕೇಳಿದ್ದಕ್ಕೆಲ್ಲ ತಲೆಯಾಡಿಸುವವಳು ಅವಳು. ಸ್ಟುಡಿಯೋದಲ್ಲಿ ಅವಳ ಅಡ್ಡಹೆಸರೇ ‘ಮ್ಯೂಟು’.

“ಸಮಾಧಿ!” ಎಂದು ಯಜಮಾನರು ತಾವೇ ಉತ್ತರ ಕೊಟ್ಟುಕೊಂಡರು. “ಅದಕ್ಕೇ ಫಾಂಟಿಗೆ ‘ಧ್ಯಾನ’ ಅಂತ ಹೆಸರಿಟ್ಟಿರೋದು. ನಾಳೆ ಸಂಗ್ರಹಾಲಯದ ಮೇಡಂ ಬರ್ತಾರೆ. ಆ ಜಿಗಿತ ಕಾಣಲಿಲ್ಲ ಅಂದ್ರೆ ಈ ಫಾಂಟೂ ಹೋಯ್ತು, ನಿನ್ನ ನೌಕರಿಯೂ ಹೋಯ್ತು.”

ಅವಳು ಮಾಡದ ಕಸರತ್ತಿಲ್ಲ. ಅಲ್ಲೊಂದು ಇಲ್ಲೊಂದು ಅಕ್ಷರವನ್ನು ತಾನಾಗಿ ಎತ್ತುವ ಸೂತ್ರ ಬರೆದಳು. ಜೊಂಡಿನ ಲೇಖನಿ ಹಿಡಿದು, ಕಣ್ಣು ಮುಚ್ಚಿ, ಧ್ಯಾನಕ್ಕೆ ಕೂತು ಬರೆದಳು. ಕೈ ಜಿಗಿಯಲಿಲ್ಲ, ಕಾಲು ಜೋಮು ಹಿಡಿಯಿತು.

ಬೆಳಿಗ್ಗೆ ಎದ್ದಾಗ ಹೊತ್ತು ಮೀರಿತ್ತು. ಲೇಖನಿ, ಮಸಿ ಚೀಲಕ್ಕೆ ತುರುಕಿ, ಡಬ್ಬಿಯಲ್ಲಿದ್ದ ಒಣಕಲು ಬ್ರೆಡ್ಡು ಬಾಯಿಗಿಟ್ಟುಕೊಂಡು ಬಾಗಿಲಿಗೆ ಓಡಿದಳು.

“ಲೇ, ನೀರಾದ್ರೂ ಕುಡಿದು ಹೋಗೇ!” ಎಂದು ಚಿಕ್ಕಮ್ಮ ಅಡುಗೆಮನೆಯಿಂದ ಕೂಗಿದಳು. “ಇವಳು ಮಾತೂ ನುಂಗ್ತಾಳೆ, ಬ್ರೆಡ್ಡೂ ನುಂಗ್ತಾಳೆ. ಎರಡನ್ನೂ ಅಗಿಯಲ್ಲ.”

ಕೊನೆಯ ತುಂಡು ಗಂಟಲಿಗಿಳಿದದ್ದು ಸ್ಟುಡಿಯೋದ ಮೆಟ್ಟಿಲ ಮೇಲೆ.

ಮೇಡಂ ಆಗಲೇ ಬಂದಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಮೂಲ ಪುಟವೂ ಬಂದಿತ್ತು. ಅವಳು ಮೇಜಿನ ಮೇಲಿದ್ದ ನೀರಿನ ಜಗ್ಗಿಗೆ ಕೈ ಚಾಚುವಷ್ಟರಲ್ಲಿ ಮೇಡಂ ಬೆರಳೆತ್ತಿದರು.

“ಪುಟ ಇರೋ ಕಡೆ ನೀರು ಇರಕೂಡದು. ಹೊರಗಿಡಿ.”

ಯಜಮಾನರು ಜಗ್ಗನ್ನು ಎತ್ತಿಕೊಂಡು ಹೋಗಿ ಹೊರಗಿಟ್ಟು ಬಂದರು. ಅವಳು ಅದನ್ನು ಬಾಗಿಲವರೆಗೂ ಕಣ್ಣಲ್ಲೇ ಬೀಳ್ಕೊಟ್ಟಳು.

ಮೇಡಂ ಪರದೆಯ ಮೇಲಿನ ‘ಧ್ಯಾನ’ವನ್ನು ನೋಡಿದರು. ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು. “ಇದು ಧ್ಯಾನವಾ? ಅಕ್ಷರಗಳು ಹಳೇ ಬಸ್ಸಿನ ಹಿಂದಿನ ಸೀಟಲ್ಲಿ ಕೂತ ಹಾಗಿವೆ.”

ಯಜಮಾನರ ಮುಖ ಇಂಗು ತಿಂದ ಮಂಗನಂತಾಯಿತು. ಆದರೂ ಮಣಿಯುವ ಜೀವವಲ್ಲ ಅದು. “ಮೇಡಂ, ನಮ್ಮ ಹುಡುಗಿ ಕೈಯಲ್ಲೇ ಬರೆದು ತೋರಿಸ್ತಾಳೆ. ಅದನ್ನ ನೋಡಿ. ಕೂತ್ಕೋ ಮಗು.”

ಮಗು ಕೂತಿತು. ತುಟಿ ಬಿಗಿದು ಲೇಖನಿಯನ್ನು ಮಸಿಯಲ್ಲಿ ಅದ್ದಿದಳು. ಮೊದಲ ಸಾಲು ನೆಟ್ಟಗೆ ಬಂತು. ಎರಡನೆಯದೂ ಬಂತು. ನೌಕರಿ ಹೋದಂತೆಯೇ ಎಂದುಕೊಂಡಳು.

ಅಷ್ಟರಲ್ಲಿ ಅವಳ ಭುಜ ಅದುರಿತು. ಲೇಖನಿ ಎಗರಿತು. ಅಕ್ಷರ ಜಿಗಿಯಿತು.

ಮೇಡಂ ಕನ್ನಡಕ ಏರಿಸಿಕೊಂಡರು. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಜಿಗಿತ. ಆಮೇಲೆ ಮತ್ತೊಂದು. ಗಾಜಿನೊಳಗಿನ ಅಕ್ಷರವೂ ಹಾಳೆಯ ಮೇಲಿನ ಅಕ್ಷರವೂ ಒಂದೇ ತಾಯಿಯ ಮಕ್ಕಳಂತೆ ಎಗರುತ್ತಿದ್ದವು.

“ಹೇಗೆ ಬಂತಮ್ಮ ಇದು?” ಎಂದು ಮೇಡಂ ಪಿಸುಗುಟ್ಟಿದರು.

ಅವಳು ಬಾಯಿ ಬಿಡಲಿಲ್ಲ. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು.

“ಮಾತಾಡಿಸಬೇಡಿ ಮೇಡಂ,” ಎಂದರು ಯಜಮಾನರು ಗದ್ಗದಿತರಾಗಿ. “ಉಸಿರು ಕಟ್ಟಿ ಕೂತಿದ್ದಾಳೆ ನೋಡಿ. ಸಾಧನೆ ಅಂದ್ರೆ ಇದು!”

ಇನ್ನೊಂದು ಅಕ್ಷರ ಎಗರಿತು. ಯಜಮಾನರಿಗೆ ತಡೆಯಲಾಗಲಿಲ್ಲ. “ಭಲೇ!” ಎಂದು ಅರಚಿ ಅವಳ ಕಿವಿಯ ಪಕ್ಕದಲ್ಲೇ ಮೇಜು ಗುದ್ದಿದರು.

ಅವಳು ಬೆಚ್ಚಿಬಿದ್ದಳು. ಲೇಖನಿಯಿಂದ ದಪ್ಪನೆಯ ಮಸಿ ತೊಟಕ್ಕನೆ ಹಾಳೆಗೆ ಬಿತ್ತು. ಮೂವರೂ ಹಾಳೆಯನ್ನು ನೋಡಿದರು, ಗಾಜಿನೊಳಗಿನ ಪುಟವನ್ನು ನೋಡಿದರು. ಅದೇ ಚುಕ್ಕೆ.

ಅವಳು ಮತ್ತೆ ಬರೆಯತೊಡಗಿದಳು. ಅಕ್ಷರಗಳು ಈಗ ತಣ್ಣಗೆ ಸಾಲುಗಟ್ಟಿ ಕೂತವು. ಒಂದೂ ಅಲುಗಲಿಲ್ಲ.

“ಸಮಾಧಿ,” ಎಂದು ಯಜಮಾನರು ಕೈ ಮುಗಿದರು.

ಮೇಡಂ ಕಣ್ಣೊರೆಸಿಕೊಂಡರು. “ಈ ಹುಡುಗಿ ಇದ್ರೆ ಮಾತ್ರ ಕೆಲಸ ನಿಮಗೆ.”

“ಎಲ್ಲಿಗೆ ಹೋಗ್ತಾಳೆ ಮೇಡಂ? ನಮ್ಮ ಮನೆಮಗಳು!”

“ಫಾಂಟು ಬಿಡುಗಡೆ ಮಾಡೋ ದಿನ ಎಲ್ಲರೆದುರು ಹೀಗೇ ಬರೀಬೇಕಮ್ಮ. ಏನೇನು ಸಿದ್ಧತೆ ಬೇಕು ಹೇಳು.”

“ಮೌನ ಬೇಕು ಮೇಡಂ, ಏಕಾಂತ ಬೇಕು, ಒಂದು ಹಣತೆ…” ಎಂದು ಯಜಮಾನರು ಶುರುಮಾಡಿದರು.

“ನೀವು ಸುಮ್ಮನಿರಿ. ಅವಳೇ ಹೇಳಲಿ.”

ಅವಳು ಲೇಖನಿ ಕೆಳಗಿಟ್ಟಳು. ಒಂದು ಗಳಿಗೆ ಕಾದಳು. ಇನ್ನು ಬಾಯಿ ತೆರೆದರೆ ಮಾನ ಹೋಗುವುದಿಲ್ಲ ಎಂದು ಖಾತ್ರಿಯಾಯಿತು.

“ಒಣಕಲು ಬ್ರೆಡ್ಡು ಬೇಕು ಮೇಡಂ, ನೀರು ಕೊಡಬಾರದು,” ಎಂದಳು ಮೆಲ್ಲಗೆ, ಗಾಜಿನೊಳಗಿನ ಮಸಿ ಚುಕ್ಕೆಯನ್ನೇ ನೋಡುತ್ತ. “ಆ ಲಿಪಿಕಾರನಿಗೆ ಬಂದ ಹಾಗೆ ನನಗೂ ಬಿಕ್ಕಳಿಕೆ ಬರಬೇಕಲ್ಲ.”